ಪ್ರಿಂಟರ್ ಕೆಳಗೆ, ಲ್ಯಾಪ್‌ಟಾಪ್ ಮೇಲೆ: ಎರಡು ರೂಟರ್ ಇದ್ರೆ ಒಂದಕ್ಕೊಂದು ಯಾಕೆ ಕಾಣಲ್ಲ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ವಿಜಯನಗರದಲ್ಲಿ 30-40 ಸೈಟಿನ ಮನೆ. ಗ್ರೌಂಡ್ ಫ್ಲೋರ್ ಹಾಲಲ್ಲಿ ಫೈಬರ್ ಕಂಪನಿಯವ್ರು ಕೊಟ್ಟಿರೋ ವೈಫೈ ಬಾಕ್ಸ್ ಇದೆ, ಮೇಲಿನ ರೂಮಿಗೆ ಸಿಗ್ನಲ್ ಬರಲ್ಲ ಅಂತ ಎಸ್‌ಪಿ ರೋಡಲ್ಲಿ ಇನ್ನೊಂದು ರೂಟರ್ ತಗೊಂಡು ಮೆಟ್ಟಿಲ ಪಕ್ಕದಿಂದ ಕೇಬಲ್ ಎಳೆಸಿ ಹಾಕಿದ್ದೀವಿ. ನೆಟ್ ಎರಡೂ ಕಡೆ ಚೆನ್ನಾಗೇ ಬರುತ್ತೆ. ಆದ್ರೆ ಪ್ರಿಂಟರ್ ಕೆಳಗೆ ನಮ್ಮ ಮಾವನವ್ರ ರೂಮಲ್ಲಿದೆ, ಮೇಲಿಂದ ಲ್ಯಾಪ್‌ಟಾಪಲ್ಲಿ ಹುಡುಕಿದ್ರೆ ಕಾಣ್ಸೋದೇ ಇಲ್ಲ. ಟಿವಿ ಮೇಲಿದೆ, ಅದಕ್ಕೆ ಕೆಳಗಿಂದ ಮೊಬೈಲಲ್ಲಿ ಕ್ಯಾಸ್ಟ್ ಮಾಡಕ್ಕಾಗಲ್ಲ. ಅಂಗಡಿಯವ್ರು ಎರಡನ್ನೂ ತೆಗೆದು ಮೆಶ್ ಸೆಟ್ (ಒಂದೇ ನೆಟ್‌ವರ್ಕ್ ಆಗಿ ಕೆಲ್ಸ ಮಾಡೋ ವೈಫೈ ಬಾಕ್ಸ್‌ಗಳ ಸೆಟ್) ಹಾಕ್ಸಿ ಅಂತಾರೆ, ಹಾಕಿಸ್ಲೇಬೇಕಾ?

ಉತ್ತರ: ಬೇಡ ಮೇಡಂ, ಈಗ್ಲೇ ದುಡ್ಡು ಹಾಕ್ಬೇಡಿ. ಮೇಲಿನ ರೂಟರಲ್ಲಿ ಕೇಬಲ್ ಯಾವ ಪೋರ್ಟಲ್ಲಿದೆ? ಮೇಲೆ ಲ್ಯಾಪ್‌ಟಾಪಿಗೆ, ಕೆಳಗೆ ಮೊಬೈಲಿಗೆ ಏನೇನು ಐಪಿ (ನೆಟ್‌ವರ್ಕಲ್ಲಿ ಆ ಸಾಮಾನಿನ ಅಡ್ರೆಸ್) ಬಂದಿದೆ ಅಂತ ವೈಫೈ ಸೆಟ್ಟಿಂಗ್ಸಲ್ಲಿ ನೋಡಿ ಹೇಳಿ.

ಪ್ರಶ್ನೆ: ನೀಲಿ ಪೋರ್ಟು ಸರ್, ವ್ಯಾನ್ (WAN) ಅಂತ ಬರ್ದಿದೆ. ಲ್ಯಾಪ್‌ಟಾಪು 192.168.0.104, ಮೊಬೈಲು 192.168.1.17.

ಉತ್ತರ: ಹಾಗಾದ್ರೆ ವಿಷ್ಯ ಸ್ಪಷ್ಟ ಆಯ್ತು. ವ್ಯಾನ್ ಅಂದ್ರೆ ರೂಟರಿನ ಹೊರಗಿನ, ಇಂಟರ್ನೆಟ್ ಕಡೆಯ ಬಾಗಿಲು. ಮೂರನೇ ನಂಬರ್ ನೋಡಿ, ಮೇಲೆ 0, ಕೆಳಗೆ 1. ಕೇಬಲ್ ಒಂದೇ ಆದ್ರೂ ನಿಮ್ಮ ಮನೇಲಿ ಎರಡು ಬೇರೆ ಬೇರೆ ನೆಟ್‌ವರ್ಕ್ ಇವೆ. ಮೇಲಿನ ರೂಟರು ಅಪಾರ್ಟ್‌ಮೆಂಟ್ ಗೇಟಲ್ಲಿ ಕೂತಿರೋ ಸೆಕ್ಯೂರಿಟಿ ಥರ, ಒಳಗಿನವ್ರು ಹೊರಗೆ ಹೋಗ್ಬಹುದು, ಅವ್ರು ಕೇಳಿದ್ದಕ್ಕೆ ಉತ್ತರ ವಾಪಸ್ ಬರ್ಬಹುದು, ಹೊರಗಿನವ್ರು ತಾವಾಗೇ ಬಂದ್ರೆ ಬಿಡಲ್ಲ. ಹೀಗೆ ಒಳಗಿನವ್ರ ಅಡ್ರೆಸ್ಸನ್ನೆಲ್ಲ ತನ್ನ ಒಂದೇ ಅಡ್ರೆಸ್ಸಿನ ಹಿಂದೆ ಬಚ್ಚಿಡೋದಕ್ಕೆ ನ್ಯಾಟ್ ಅಂತೀವಿ, ನಿಮ್ಮಲ್ಲಿ ಒಂದರ ಹಿಂದೆ ಇನ್ನೊಂದು ಇರೋದ್ರಿಂದ ಡಬಲ್ ನ್ಯಾಟ್.

ಬೇಕಿದ್ರೆ ಪರೀಕ್ಷೆ ಮಾಡಿ. ಪ್ರಿಂಟರಿನ ಐಪಿ ನೋಡ್ಕೊಂಡು ಮೇಲಿನ ಲ್ಯಾಪ್‌ಟಾಪಿಂದ ಅದಕ್ಕೆ ಪಿಂಗ್ (ಆ ಐಪಿ ಉತ್ತರ ಕೊಡುತ್ತಾ ಅಂತ ನೋಡೋ ಕಮಾಂಡ್) ಕೊಡಿ, ಬಹುತೇಕ ರಿಪ್ಲೈ ಬರುತ್ತೆ. ಆಮೇಲೆ ಕೆಳಗೆ ಕೂತು ಮೇಲಿನ ಟಿವಿಯ ಐಪಿಗೆ ಕೊಡಿ, ಟೈಮ್ಡ್ ಔಟ್ ಅನ್ನುತ್ತೆ, ಯಾಕಂದ್ರೆ 192.168.0 ಅನ್ನೋದು ಎಲ್ಲಿದೆ ಅಂತ ಕೆಳಗಿನ ಬಾಕ್ಸಿಗೆ ಗೊತ್ತೇ ಇಲ್ಲ, ಅದು ಇಂಟರ್ನೆಟ್ ಕಡೆಗೆ ತಳ್ಳುತ್ತೆ, ಅಲ್ಲಿ ಬಿದ್ದೋಗುತ್ತೆ.

ಪಿಂಗ್ ಹೋದ್ರೂ ಪ್ರಿಂಟರ್ ಯಾಕೆ ಲಿಸ್ಟಲ್ಲಿ ಬರಲ್ಲ ಅಂದ್ರೆ, ಲ್ಯಾಪ್‌ಟಾಪು "ಇಲ್ಲಿ ಪ್ರಿಂಟರ್ ಯಾರಿದ್ದೀರಿ" ಅಂತ 224.0.0.251 ಅನ್ನೋ ಅಡ್ರೆಸ್ಸಿಗೆ ಕೂಗುತ್ತೆ, ಆ ಕೂಗನ್ನ ರೂಟರು ಆಚೆ ದಾಟಿಸ್ಬಾರ್ದು ಅಂತಾನೇ ನಿಯಮ. ಕ್ಯಾಸ್ಟ್ ಕೂಡ ಟಿವೀನ ಹುಡ್ಕೋದು ಇದೇ ಥರ. ಸಾಮಾನು ಕೆಟ್ಟಿಲ್ಲ ಮೇಡಂ, ಕೂಗು ಗೋಡೆ ದಾಟ್ತಿಲ್ಲ ಅಷ್ಟೆ.

ಮಾಡ್ಬೇಕಾದ್ದು ಇಷ್ಟು. ಮೇಲಿನ ರೂಟರಿಗೆ ಕನೆಕ್ಟ್ ಆಗಿ ಬ್ರೌಸರಲ್ಲಿ 192.168.0.1 ತೆಗೀರಿ, ಆಪರೇಷನ್ ಮೋಡ್ ಅಂತ ಇರುತ್ತೆ, ಅದರಲ್ಲಿ ಆಕ್ಸೆಸ್ ಪಾಯಿಂಟ್ ಆರಿಸಿ ಸೇವ್ ಮಾಡಿ. ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಕೆಳಗಿನ ಬಾಕ್ಸಿನ ನೆಟ್‌ವರ್ಕನ್ನೇ ಮೇಲೆ ಹರಡುತ್ತೆ. ರೀಸ್ಟಾರ್ಟ್ ಆಗುತ್ತೆ, ಈಗಿನ ಹೆಚ್ಚಿನ ಮಾಡೆಲ್‌ಗಳಲ್ಲಿ ಕೇಬಲ್ ಅದೇ ಪೋರ್ಟಲ್ಲಿದ್ರೂ ನಡೆಯುತ್ತೆ. ಆ ಆಪ್ಷನ್ನೇ ಇಲ್ಲದ ಹಳೇ ರೂಟರಾದ್ರೆ ಅದರ ಲ್ಯಾನ್ (ಮನೆ ಒಳಗಿನ ಕಡೆಯ) ಐಪಿಯನ್ನ 192.168.1.2 ಮಾಡಿ, ಡಿಎಚ್‌ಸಿಪಿ (ಐಪಿ ಹಂಚೋ ಕೆಲ್ಸ) ಆಫ್ ಮಾಡಿ, ಆಮೇಲೆ ಕೇಬಲನ್ನ ವ್ಯಾನಿಂದ ಕಿತ್ತು ಯಾವ್ದಾದ್ರೂ ಲ್ಯಾನ್ ಪೋರ್ಟಿಗೆ ಹಾಕಿ. ಹೀಗೆ ಮಾಡೋದಾದ್ರೆ ಕೆಳಗಿನ ಬಾಕ್ಸಲ್ಲಿ ಡಿಎಚ್‌ಸಿಪಿ ಹಂಚೋದು 192.168.1.10ರಿಂದ ಶುರುವಾಗೋ ಹಾಗೆ ಇಟ್ಬಿಡಿ, ಇಲ್ದಿದ್ರೆ ಅದೇ 2ನ್ನ ಯಾವ್ದೋ ಮೊಬೈಲಿಗೆ ಕೊಟ್ಟು ಜಗಳ ಆಗುತ್ತೆ. ದಯವಿಟ್ಟು ಎರಡು ರೂಟರ್ ಮಧ್ಯ ಒಂದೇ ಕೇಬಲ್ ಇರ್ಲಿ. ಸ್ಪೀಡ್ ಜಾಸ್ತಿ ಆಗ್ಲಿ ಅಂತ ಎರಡನೇದು ಹಾಕಿದ್ರೆ ಡೇಟಾ ಸುತ್ತಿ ಸುತ್ತಿ ಲೂಪ್ ಆಗಿ ಇಡೀ ಮನೆ ನೆಟ್ ಮಲಗುತ್ತೆ.

ಇನ್ನೊಬ್ಬ ಸದಸ್ಯರು: ಸರ್, ಕೆಳಗಿನ ಬಾಕ್ಸಲ್ಲಿ ಸ್ಟ್ಯಾಟಿಕ್ ರೂಟ್ (ಯಾವ ನೆಟ್‌ವರ್ಕಿಗೆ ಯಾವ ದಾರಿ ಅಂತ ನಾವೇ ಬರೆದಿಡೋದು) ಹಾಕಿದ್ರೆ ಆಗಲ್ವಾ? ಎರಡು ನೆಟ್‌ವರ್ಕ್ ಹಾಗೇ ಇರ್ಲಿ.

ಉತ್ತರ: ಆಗುತ್ತೆ. ಮೇಲಿನ ರೂಟರಲ್ಲಿ ನ್ಯಾಟ್ ಆಫ್ ಮಾಡಿ, ಅದರ ಫೈರ್‌ವಾಲಲ್ಲೂ ದಾರಿ ಬಿಟ್ಟು, ಕೆಳಗಿನದ್ರಲ್ಲಿ 192.168.0.0, ಮಾಸ್ಕ್ 255.255.255.0, ಗೇಟ್‌ವೇ (ಆಚೆ ದಾಟಿಸೋ ರೂಟರ್) ಮೇಲಿನ ರೂಟರಿನ ವ್ಯಾನ್ ಐಪಿ ಅಂತ ಕೊಟ್ರೆ ಪಿಂಗ್ ಎರಡೂ ಕಡೆ ಹೋಗುತ್ತೆ. ಆದ್ರೆ ಕಂಪನಿ ಬಾಕ್ಸಲ್ಲಿ ಆ ಮೆನು ಎಷ್ಟೋ ಸಲ ಲಾಕ್ ಆಗಿರುತ್ತೆ, ಮತ್ತೆ ಮೇಲೆ ಹೇಳಿದ ಕೂಗು ಆಗ್ಲೂ ದಾಟಲ್ಲ, ಟಿವಿ ಲಿಸ್ಟಲ್ಲಿ ಬರಲ್ಲ. ಪ್ರಿಂಟರು ಟಿವಿ ಇರೋ ಮನೆಗೆ ಆಕ್ಸೆಸ್ ಪಾಯಿಂಟೇ ಸರಿ, ನಾನು ಬೇರೆ ಹೇಳಲ್ಲ.

ಪ್ರಶ್ನೆ: ಸರ್, ಮೋಡ್ ಬದ್ಲಾಯ್ಸಿದೆ. ಟಿವಿಗೆ ಕ್ಯಾಸ್ಟ್ ಆಗ್ತಿದೆ, ತುಂಬಾ ಥ್ಯಾಂಕ್ಸ್! ಆದ್ರೆ ಲ್ಯಾಪ್‌ಟಾಪಲ್ಲಿ ಪ್ರಿಂಟರ್ ಇನ್ನೂ ಬಂದಿಲ್ಲ, 192.168.0.1 ಕೂಡ ಓಪನ್ ಆಗ್ತಿಲ್ಲ.

ಉತ್ತರ: ಎರಡನೇದು ಸಹಜ, ಆ ರೂಟರಿಗೂ ಈಗ ಕೆಳಗಿನ ಬಾಕ್ಸೇ ಐಪಿ ಕೊಟ್ಟಿದೆ, ಆ ಬಾಕ್ಸಿನ ಕ್ಲೈಂಟ್ ಲಿಸ್ಟಲ್ಲಿ ಹುಡ್ಕಿ. ಪ್ರಿಂಟರ್ ವಿಷ್ಯ: ಗೇಟ್‌ವೇ ಬದ್ಲಾಗಿರೋದ್ರಿಂದ ವಿಂಡೋಸು ಇದನ್ನ ಹೊಸ ನೆಟ್‌ವರ್ಕ್ ಅಂದ್ಕೊಂಡು ಪಬ್ಲಿಕ್ ಅಂತ ಗುರ್ತು ಹಾಕಿರುತ್ತೆ, ಪಬ್ಲಿಕ್ ಆದ್ರೆ ಅಕ್ಕಪಕ್ಕದ ಸಾಮಾನು ಹುಡ್ಕೋದನ್ನ ನಿಲ್ಲಿಸುತ್ತೆ. ವೈಫೈ ಪ್ರಾಪರ್ಟೀಸಲ್ಲಿ ಪ್ರೈವೇಟ್ ಮಾಡಿ ನೋಡಿ.

ಪ್ರಶ್ನೆ: ಬಂತು ಸರ್! ಮೇಲಿಂದ್ಲೇ ಪ್ರಿಂಟ್ ಕೊಟ್ಟೆ, ಮಾವ ಕೆಳಗಿಂದ "ಬಂತಮ್ಮಾ" ಅಂತ ಕೂಗಿದ್ರು.

ಉತ್ತರ: ಖುಷಿ ಆಯ್ತು ಮೇಡಂ. ಕೆಳಗಿನ ಬಾಕ್ಸಲ್ಲಿ ಪ್ರಿಂಟರಿಗೆ ಒಂದು ಐಪಿ ರಿಸರ್ವ್ ಮಾಡಿಟ್ಬಿಡಿ, ಕರೆಂಟ್ ಹೋಗಿ ಬಂದಾಗ ಐಪಿ ಬದ್ಲಾಗಿ ಆಫ್‌ಲೈನ್ ಅಂತ ತೋರ್ಸೋದು ತಪ್ಪುತ್ತೆ. ಎರಡೂ ಕಡೆ ವೈಫೈ ಹೆಸ್ರು ಪಾಸ್‌ವರ್ಡ್ ಒಂದೇ ಇಡ್ಬಹುದು, 2.4 ಗಿಗಾಹರ್ಟ್ಸಲ್ಲಿ ಚಾನೆಲ್ ಮಾತ್ರ ಬೇರೆ ಇರ್ಲಿ, ಒಂದಕ್ಕೆ 1 ಇನ್ನೊಂದಕ್ಕೆ 11.

ಮತ್ತೊಬ್ಬ ಸದಸ್ಯರು: ನಮ್ಮನೇಲಿ ಮೇಲೆ ಬಾಡಿಗೆಯವ್ರು ಇದ್ದಾರೆ, ನಮ್ಮ ಬಾಕ್ಸಿಂದಾನೇ ಅವ್ರ ರೂಟರಿಗೆ ಕೇಬಲ್ ಕೊಟ್ಟಿದ್ದೀವಿ. ನಾವೂ ಹೀಗೇ ಮಾಡ್ಬೇಕಾ?

ಉತ್ತರ: ನೀವು ಖಂಡಿತ ಮಾಡ್ಬೇಡಿ. ನಿಮ್ದು ಈಗ್ಲೇ ಅರ್ಧ ತೆರ್ದಿದೆ: ನೀವು ಅವ್ರ ಕಡೆ ನೋಡಕ್ಕಾಗಲ್ಲ, ಅವ್ರು ಮೇಲಿಂದ ನಿಮ್ಮ ಕ್ಯಾಮೆರಾ, ಪ್ರಿಂಟರಿನ ಐಪಿಗೆ ಆರಾಮಾಗಿ ತಲುಪ್ಬಹುದು. ಎಷ್ಟೇ ಒಳ್ಳೆಯವ್ರಾದ್ರೂ ಇದು ಬೇಡ. ನಿಮ್ಮ ಸಾಮಾನಿಗೂ ಒಂದು ರೂಟರ್ ಹಾಕಿ, ಅದರ ವ್ಯಾನನ್ನ ಬಾಕ್ಸಿಗೆ ಕೊಟ್ಟು, ಕ್ಯಾಮೆರಾ ಪ್ರಿಂಟರ್ ಎಲ್ಲಾ ಅದರ ಹಿಂದಕ್ಕೆ ತನ್ನಿ, ಬಾಕ್ಸಿನ ವೈಫೈ ಆಫ್ ಮಾಡಿ, ಅದರ ಅಡ್ಮಿನ್ ಪಾಸ್‌ವರ್ಡೂ ಬದ್ಲಾಯ್ಸಿ. ಇಲ್ಲಾಂದ್ರೆ ಅವ್ರಿಗೆ ಬೇರೆ ಕನೆಕ್ಷನ್ ತಗೊಳ್ಳಕ್ಕೆ ಹೇಳಿ, ಅದು ಇನ್ನೂ ಒಳ್ಳೇದು.