ಕಡಿಮೆ ಬೆಲೆಯ ರಾಡಿನಲ್ಲಿ ಗಾಳವನ್ನು ದೂರ ಎಸೆಯುವುದು ಹೇಗೆ? ಅನುಭವಿಗಳು ಹೇಳಿ

ಪ್ರಶ್ನೆ, ಸುರತ್ಕಲ್‌ನಿಂದ:
ಹನ್ನೆರಡು ಅಡಿಯ ರಾಡ್, 6000 ಅಳತೆಯ ಸ್ಪಿನ್ನಿಂಗ್ ರೀಲ್. ಎರಡೂ ಸೇರಿ ನಾಲ್ಕು ಸಾವಿರ ರೂಪಾಯಿಯೊಳಗೆ ಬಂದವು. ದಾರ 0.45 ಮಿ.ಮೀ. ನೈಲಾನ್, ಸೀಸ 60 ಗ್ರಾಂ. ಎಷ್ಟು ಬಲ ಹಾಕಿದರೂ 40 ಮೀಟರ್ ದಾಟುವುದಿಲ್ಲ. ದುಬಾರಿ ರಾಡ್ ಕೊಳ್ಳಲೇಬೇಕೇ?

ಕುಂದಾಪುರದಿಂದ:
ರಾಡ್ ಇರಲಿ, ಮೊದಲು ದಾರ ಬದಲಿಸಿ. ನಾನೂ ಮೊದಲ ವರ್ಷ ಇಂಥದೇ ದಪ್ಪ ದಾರದಲ್ಲಿ ಎಸೆದು ಎಸೆದು ತೋಳು ನೋಯಿಸಿಕೊಂಡವನು. ಸೀಸ ಹಾರುವಾಗ ತನ್ನ ಹಿಂದೆ ಅಷ್ಟೂ ದಾರವನ್ನು ಎಳೆದುಕೊಂಡು ಹೋಗಬೇಕು. ದಾರ ದಪ್ಪವಾದಷ್ಟೂ ಗಾಳಿಗೆ ಸಿಕ್ಕಿಕೊಳ್ಳುತ್ತದೆ, ರೀಲಿನಲ್ಲಿ ದಾರ ಸುತ್ತಿರುವ ಸ್ಪೂಲಿನ ಅಂಚಿಗೂ ರಾಡಿನ ಉಂಗುರಗಳಿಗೂ ಉಜ್ಜುತ್ತದೆ. 0.30 ಮಿ.ಮೀ. ದಾರ ಸುತ್ತಿದ ದಿನವೇ ನನಗೆ ಹತ್ತು ಹದಿನೈದು ಮೀಟರ್ ಹೆಚ್ಚು ಸಿಕ್ಕಿತು. ಸ್ಪೂಲನ್ನು ತುಂಬಿಸುವಾಗ ಅಂಚಿಗೆ ಎರಡು ಮಿಲಿಮೀಟರ್ ಬಾಕಿ ಇರುವಾಗ ನಿಲ್ಲಿಸಿ. ಅರೆ ಖಾಲಿ ಸ್ಪೂಲಿನಲ್ಲಿ ದಾರಕ್ಕೆ ಅಂಚು ತಡೆಗೋಡೆಯಾಗುತ್ತದೆ. ಕಂಠಪೂರ್ತಿ ತುಂಬಿಸಿದರೆ ಹಲವು ಸುತ್ತು ಒಟ್ಟಿಗೇ ಕಳಚಿ ಗೋಜಲಾಗುತ್ತದೆ.

ಆದರೆ ತೆಳು ದಾರಕ್ಕೆ ನೇರವಾಗಿ ಸೀಸ ಕಟ್ಟಬೇಡಿ. ಕೈಮುಗಿದು ಕೇಳುತ್ತೇನೆ. ಎಸೆಯುವ ಭರದಲ್ಲಿ ದಾರ ಕಡಿದರೆ ಸೀಸ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಪಣಂಬೂರು, ತಣ್ಣೀರುಬಾವಿಯಲ್ಲಿ ಭಾನುವಾರ ಎಷ್ಟು ಮಕ್ಕಳು ಆಡುತ್ತಿರುತ್ತಾರೆ ಎಂಬುದು ನಿಮಗೆ ಗೊತ್ತಿದೆ. ತುದಿಗೆ ದಪ್ಪ ದಾರದ ಲೀಡರ್ ಬೇಕೇ ಬೇಕು. ಪ್ರತಿ ಔನ್ಸ್ ಸೀಸಕ್ಕೆ 10 ಪೌಂಡ್ ಬಲ ಎಂಬುದು ಹಳೆಯ ಲೆಕ್ಕ. ನಾಲ್ಕು ಔನ್ಸ್, ಅಂದರೆ 113 ಗ್ರಾಂ ಸೀಸಕ್ಕೆ 40 ಪೌಂಡಿನ ಲೀಡರ್. ಉದ್ದ ರಾಡಿನ ಎರಡರಷ್ಟಿದ್ದು, ಎಸೆಯಲು ನಿಂತಾಗಲೂ ಸ್ಪೂಲಿನ ಮೇಲೆ ಐದಾರು ಸುತ್ತು ಉಳಿದಿರಬೇಕು. ನಿಮ್ಮ ರಾಡಿಗೆ ಎಂಟು ಒಂಬತ್ತು ಮೀಟರ್ ಸಾಕು.

ಇನ್ನು, ರಾಡಿನ ಬುಡದ ಹತ್ತಿರ ಗ್ರಾಂ ಲೆಕ್ಕ ಅಚ್ಚಾಗಿರುತ್ತದೆ, ಓದಿ ನೋಡಿ. 100ರಿಂದ 150 ಎಂದಿದ್ದರೆ 60 ಗ್ರಾಂ ಸೀಸಕ್ಕೆ ಆ ರಾಡ್ ಬಾಗುವುದೇ ಇಲ್ಲ. ಬಾಗದ ರಾಡ್ ಬರೀ ಕೋಲು. ಹಾಗೆಂದು ಗರಿಷ್ಠ ತೂಕಕ್ಕೂ ಹೋಗಬೇಡಿ, ಎರೆಯ ತೂಕವೂ ಅದಕ್ಕೆ ಸೇರುತ್ತದೆ.

ಹೊನ್ನಾವರದಿಂದ:
ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಕೈಯ ವಿಷಯ ಹೇಳುತ್ತೇನೆ. ಹೊಸಬರಲ್ಲಿ ಬಹಳ ಮಂದಿ ಆರಂಭದಲ್ಲೇ ಜೋರಾಗಿ ಜಗ್ಗುತ್ತಾರೆ, ಕೊನೆಗೆ ಬಲವೇ ಉಳಿದಿರುವುದಿಲ್ಲ. ನಿಧಾನವಾಗಿ ಶುರುಮಾಡಿ, ವೇಗವನ್ನು ಕೊನೆಗೆ ಉಳಿಸಿಕೊಳ್ಳಿ. ರೀಲಿನ ಹತ್ತಿರದ ಬಲಗೈ ಮುಂದಕ್ಕೆ ಮೇಲಕ್ಕೆ ತಳ್ಳುವಾಗ ಬುಡದ ಎಡಗೈ ಎದೆಯ ಕಡೆಗೆ ಎಳೆಯಬೇಕು. ದೂರ ಕೊಡುವುದು ಎಡಗೈಯ ಈ ಎಳೆತ. ನನಗೆ ಇದು ಅರ್ಥವಾಗಲು ಎರಡು ಮಳೆಗಾಲ ಕಳೆಯಬೇಕಾಯಿತು. ಸೀಸ ರಾಡಿನ ತುದಿಯಿಂದ ನಾಲ್ಕೈದು ಅಡಿ ಕೆಳಗೆ ತೂಗಲಿ. ತುದಿಗೆ ಅಂಟಿಕೊಂಡಂತೆ ಸುತ್ತಿಕೊಂಡರೆ ರಾಡ್ ಬಾಗಲು ಅವಕಾಶವಿಲ್ಲ.

ಎರೆಯನ್ನೂ ಗಮನಿಸಿ. ಎರಡು ಗಾಳಕ್ಕೆ ಎರಡು ದೊಡ್ಡ ಸಿಗಡಿ ಚುಚ್ಚಿದರೆ ಅವು ಗಾಳಿಯಲ್ಲಿ ಗಿರಗಿರನೆ ತಿರುಗುತ್ತ ಸೀಸವನ್ನು ಹಿಂದಕ್ಕೆ ಹಿಡಿಯುತ್ತವೆ. ಒಂದೇ ಗಾಳ ಸಾಕು. ಸಿಗಡಿಯ ಸಿಪ್ಪೆ ಸುಲಿದು, ತೆಳು ಎಲಾಸ್ಟಿಕ್ ನೂಲಿನಿಂದ ಬಿಗಿಯಾಗಿ ಸುತ್ತಿ.

ಅಗ್ಗದ ರೀಲಿನಲ್ಲಿ ಒಂದು ಅಪಾಯವಿದೆ: ದಾರವನ್ನು ಸ್ಪೂಲಿಗೆ ಸುತ್ತುವ, ಎಸೆಯುವ ಮುನ್ನ ತೆರೆದಿಡುವ ಬೇಲ್ ತಂತಿ ಎಸೆಯುವ ರಭಸಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಳೆದ ವರ್ಷ ನನ್ನ ಸೀಸ ಹಾಗೆಯೇ ಕಡಿದು ಹೋಯಿತು, ಮುಂದೆ ಯಾರೂ ಇರಲಿಲ್ಲ ಎಂಬುದೇ ಸಮಾಧಾನ. ಬೇಲ್ ತೆರೆದಿಟ್ಟು ರಾಡನ್ನು ನಾಲ್ಕು ಸಲ ಬೀಸಿ ಪರೀಕ್ಷಿಸಿ. ಎಳೆತ ಹೆಚ್ಚಾದಾಗ ದಾರವನ್ನು ಜಾರಿಬಿಡುವ ಡ್ರ್ಯಾಗ್ ತಿರುಪನ್ನು ಪೂರ್ತಿ ಬಿಗಿ ಮಾಡಿ. ಸಡಿಲವಿದ್ದರೆ ಎಸೆಯುವಾಗ ದಾರ ಜಾರಿ, ಅದನ್ನು ಹಿಡಿದ ತೋರುಬೆರಳನ್ನು ಸೀಳುತ್ತದೆ. ನಾನು ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಬೆರಳಿಗೆ ಹಾಕಿಕೊಳ್ಳುತ್ತೇನೆ.

ಕಾಪುವಿನಿಂದ:
ಬೆಳಗ್ಗೆ ಹೋಗಿ. ನಮ್ಮ ಕರಾವಳಿಯಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸಿ ಬೆನ್ನಿಗೆ ಬಲ ಕೊಡುತ್ತದೆ. ಮಧ್ಯಾಹ್ನದ ಮೇಲೆ ಪಡುಗಾಳಿ ಎದುರಾಗುತ್ತದೆ. ಅದೇ ರಾಡ್, ಅದೇ ಕೈ, ಆದರೂ ದೂರ ಬೇರೆ.

ಮಲ್ಪೆಯಿಂದ:
ಹಲವು ಎಳೆಗಳನ್ನು ಹೆಣೆದ ಬ್ರೇಡ್ ದಾರ ಇನ್ನೂ ತೆಳು, ಇನ್ನೂ ದೂರ ಹೋಗುತ್ತದೆ. ಮರಳಿನ ತೀರಕ್ಕೆ ಒಳ್ಳೆಯದು. ಬಂಡೆಗಳ ನಡುವೆ ಅದು ಬೇಗ ಕತ್ತರಿಸಿಹೋಗುತ್ತದೆ, ಅಲ್ಲಿ ನನಗೆ ನೈಲಾನೇ ಸರಿ. ಬ್ರೇಡ್ ಸುತ್ತುವುದಾದರೆ ಸ್ಪೂಲಿನ ತಳಕ್ಕೆ ಸ್ವಲ್ಪ ನೈಲಾನ್ ಸುತ್ತಿಕೊಳ್ಳಿ, ಇಲ್ಲವಾದರೆ ಇಡೀ ಸುತ್ತೇ ಜಾರುತ್ತದೆ. ಉಂಗುರಗಳೊಳಗೆ ಹತ್ತಿ ಆಡಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದರ್ಥ. ಮರವಂತೆಯಂತಹ ಕಡೆ ಬೆನ್ನ ಹಿಂದೆಯೇ ಹೆದ್ದಾರಿ. ಅಲ್ಲಿ ಪೂರ್ತಿ ಬೀಸಲು ಹೋಗಬೇಡಿ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ:
ಎಲ್ಲರಿಗೂ ಋಣಿ. 0.30 ದಾರ, 40 ಪೌಂಡಿನ ಲೀಡರ್, 113 ಗ್ರಾಂ ಸೀಸ ಹಾಕಿ, ಮೊದಲು ಗಾಳ ಕಟ್ಟದೆ ಖಾಲಿ ತೀರದಲ್ಲಿ ಅಭ್ಯಾಸ ಮಾಡಿದೆ. ಹಿಡಿಯ ಒಂದು ಸುತ್ತಿಗೆ 80 ಸೆಂ.ಮೀ. ದಾರ ಒಳಬರುತ್ತದೆ ಎಂದು ಅಳೆದುಕೊಂಡಿದ್ದೆ. ಮೊನ್ನೆ ಬೆಳಗ್ಗೆ ಎರೆ ಸಮೇತ ಎಸೆದು ಎಣಿಸಿದಾಗ 76 ಸುತ್ತು, ಅಂದರೆ 60 ಮೀಟರ್! ಎಡಗೈ ಎಳೆತ ಹತ್ತರಲ್ಲಿ ನಾಲ್ಕು ಸಲ ಮಾತ್ರ ಸರಿಯಾಗುತ್ತಿದೆ. ಆ ದಿನ ಸಿಕ್ಕ ಎರಡು ಕಾಣೆ ಮೀನುಗಳೂ ದಡದ ಹತ್ತಿರದ ಗುಂಡಿಯಲ್ಲಿ, 25 ಮೀಟರಿನೊಳಗೆ ಕಚ್ಚಿದವು. ನಿಮ್ಮ ಕಡೆಯೂ ಹೀಗೆಯೇ ಹತ್ತಿರ ಬರುತ್ತವೆಯೇ?