ಅಪ್‌ಡೇಟ್: ಶಾಸಕರ ನಿಧಿಯಿಂದ ಊರಿನ ಚರಂಡಿ, ಅರ್ಜಿ ಎಲ್ಲಿ ಸಿಲುಕುತ್ತದೆ?

ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಊರಿಗೊಂದು ಚರಂಡಿ ಮಾಡಿಸುವುದು ಹೇಗೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಈಗ ಚಿತ್ರ ಸ್ಪಷ್ಟವಾಗಿದೆ.

ಕರ್ನಾಟಕದಲ್ಲಿ ಪ್ರತಿ ಶಾಸಕರ ಪಾಲಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಆದರೆ ಹಣ ಅವರ ಕೈಗೆ ಬರುವುದೇ ಇಲ್ಲ. ಶಾಸಕರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿಯದು, ಖರ್ಚಿನ ಅಂದಾಜುಪಟ್ಟಿ ತಯಾರಿಸಿ ಕೆಲಸ ನಡೆಸುವುದು ಅನುಷ್ಠಾನ ಸಂಸ್ಥೆ. ಹಾಗಾಗಿ ಶಿಫಾರಸು ಪತ್ರ ಸಿಕ್ಕಿತೆಂದು ಸುಮ್ಮನಾದರೆ ಕಡತ ಅಲ್ಲೇ ಮಲಗಬಹುದು. ಪತ್ರದ ಸಂಖ್ಯೆ, ದಿನಾಂಕ ಬರೆದಿಟ್ಟುಕೊಂಡು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸುತ್ತಿರಬೇಕು.

ಶಾಸಕರಿಗೆ ಕೊಡುವ ಅರ್ಜಿಯಲ್ಲಿ ‘ಚರಂಡಿ ಬೇಕು’ ಎಂದಷ್ಟೇ ಬರೆದರೆ ಸಾಲದು. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಮುಖ್ಯವಾಗಿ ನೀರು ಕೊನೆಗೆ ಎಲ್ಲಿ ಸೇರಬೇಕು ಎಂಬುದಿರಲಿ. ಹೊರಹರಿವಿಲ್ಲದ ಚರಂಡಿ ಸೊಳ್ಳೆ ಸಾಕುವ ಗುಂಡಿಯಷ್ಟೆ! ಜಾಗ ಸಾರ್ವಜನಿಕ ಎನ್ನುವ ದಾಖಲೆ ಲಗತ್ತಿಸಿ. ನಡುವೆ ಖಾಸಗಿ ಜಮೀನು ಬಂದರೆ ತಕರಾರು ಗ್ಯಾರಂಟಿ. ಹೂಳೆತ್ತುವುದಷ್ಟೇ ಆಗಬೇಕಿದ್ದರೆ ನೇರವಾಗಿ ಗ್ರಾಮ ಪಂಚಾಯಿತಿಯನ್ನು ಕೇಳಿ.

ಜಿಲ್ಲಾಧಿಕಾರಿ ಕಚೇರಿಯಿಂದ ಉತ್ತರವೇ ಬಾರದಿದ್ದರೆ ಅಲ್ಲಿಗೇ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಮಂಜೂರಾತಿ ಆದೇಶ, ಅಂದಾಜುಪಟ್ಟಿ ಎರಡರ ಪ್ರತಿಯನ್ನೂ ಕೇಳಿ. 30 ದಿನಗಳೊಳಗೆ ಅವರು ಉತ್ತರಿಸಬೇಕು.