ಸಹಾಯ ಬೇಕು: ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೋ, ಇರೋದನ್ನೇ ಓವರ್‌ಕ್ಲಾಕ್ ಮಾಡಲೋ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟಿದೆ. ಈಗಿನ ಕಾರ್ಡ್ ಅನ್ನು ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಓವರ್‌ಕ್ಲಾಕ್ ಮಾಡುತ್ತಿದ್ದೇನೆ, ಅಂದರೆ ಕಂಪನಿ ಕೊಟ್ಟ ವೇಗಕ್ಕಿಂತ ಜಾಸ್ತಿ ಓಡಿಸುತ್ತಿದ್ದೇನೆ. ಕೋರ್‌ಗೆ +150 ಮೆಗಾಹರ್ಟ್ಜ್ ಕೊಟ್ಟರೆ ಟೈಮ್ ಸ್ಪೈ ಬೆಂಚ್‌ಮಾರ್ಕ್ ಟೆಸ್ಟ್ ಆರಾಮಾಗಿ ಮುಗಿಯುತ್ತದೆ, ಆದರೆ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ಲೆಕ್ಕ ಹಾಕಿ ತೋರಿಸುವ ತಂತ್ರ) ಇರುವ ಆಟ ಮುಕ್ಕಾಲು ಗಂಟೆ ಆಡುವಷ್ಟರಲ್ಲಿ ತಾನೇ ಮುಚ್ಚಿಕೊಂಡು ಡೆಸ್ಕ್‌ಟಾಪ್‌ಗೆ ಬಂದುಬಿಡುತ್ತದೆ. ತಪ್ಪು ಕಾರ್ಡಿನದಲ್ಲ, ನನ್ನ ದುರಾಸೆಯದೇ ಇರಬೇಕು. ಮೆಮೊರಿಯದು ಇನ್ನೂ ವಿಚಿತ್ರ: +600ಕ್ಕಿಂತ +1000ದಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಕಮ್ಮಿ! ಕ್ರ್ಯಾಶ್ ಮಾತ್ರ ಇಲ್ಲ. ತಪ್ಪಾಗಿ ಹೋದ ಡೇಟಾವನ್ನು ಮೆಮೊರಿ ಮತ್ತೆ ಮತ್ತೆ ಕಳಿಸಬೇಕಾಗುವುದರಿಂದ ಹೀಗಾಗುತ್ತದೆ, ಅಲ್ವಾ? ಹಾಗಿದ್ದರೆ ಸರಿಯಾದ ಮಿತಿ ಹುಡುಕುವುದು ಹೇಗೆ? ಪ್ರತಿ 50ಕ್ಕೂ ಟೆಸ್ಟ್ ಓಡಿಸುತ್ತಾ ಕೂರಬೇಕಾ?

ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) 98 ಡಿಗ್ರಿ ಮುಟ್ಟುತ್ತಿದೆ, ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಮಾತ್ರ 72. ಇಷ್ಟು ಅಂತರ ಇದ್ದರೆ ಚಿಪ್‌ನ ಬಿಸಿಯನ್ನು ಕೂಲರ್‌ಗೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಬೇಕು ಅನಿಸುತ್ತಿದೆ, ಬಿಚ್ಚೋಕೆ ಧೈರ್ಯ ಇಲ್ಲ.

ಇಲ್ಲದಿದ್ದರೆ ಸುಮ್ನೆ ಹೊಸದು ತಗೊಳ್ಳೋಣ ಅಂತ. ನೋಡಿಟ್ಟಿರುವುದು ಆರ್‌ಟಿಎಕ್ಸ್ 4080 ಸೂಪರ್ (16 ಜಿಬಿ ಮೆಮೊರಿ, 320 ವ್ಯಾಟ್), ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ (24 ಜಿಬಿ, 355 ವ್ಯಾಟ್). ರೇ ಟ್ರೇಸಿಂಗ್‌ನಲ್ಲಿ ಮೊದಲನೆಯದು ಮುಂದೆ, ಅದು ಗೊತ್ತು. ನನ್ನ ಮಾನಿಟರ್ 1440ಪಿ, 165 ಹರ್ಟ್ಜ್. ಅದಕ್ಕೆ 24 ಜಿಬಿ ನಿಜಕ್ಕೂ ಬೇಕಾ? ಪವರ್ ಸಪ್ಲೈ 750 ವ್ಯಾಟ್‌ದು, ಎರಡನೆಯ ಕಾರ್ಡಿನ ಕಂಪನಿ ಎಎಮ್‌ಡಿ 800 ಹೇಳುತ್ತದೆ, ಅದೊಂದು ತಲೆನೋವು ಬೇರೆ.

ಇವೆರಡರಲ್ಲಿ ಒಂದನ್ನು ಅಂಡರ್‌ವೋಲ್ಟ್ ಮಾಡಿ (ವೋಲ್ಟೇಜ್ ಇಳಿಸಿ) ಬಳಸಿದವರು ಇದ್ದರೆ ದಯವಿಟ್ಟು ನಿಮ್ಮ ವೋಲ್ಟೇಜ್, ಕ್ಲಾಕ್, ಎಷ್ಟು ವ್ಯಾಟ್ ಇಳಿಯಿತು ಎಲ್ಲ ಬರೆಯಿರಿ. ಬೆಂಚ್‌ಮಾರ್ಕ್ ಸ್ಕೋರ್ ಬೇಡ, ಗಂಟೆಗಟ್ಟಲೆ ಆಡಿದ ಮೇಲಿನ ಲೆಕ್ಕ ಹೇಳಿ.